ತೈವಾನಿನ ಮಕ್ಕಳಿಗೆ ಶಿರಸಿಯಿಂದ ಇಂಗ್ಲಿಷ್ ಪಾಠ: ಹೊಸದಾಗಿ ಶುರು ಮಾಡುವವರಿಗೆ

"ಮೈ ಗ್ರ್ಯಾಂಡ್‌ಮದರ್ ಲಿವ್ ಇನ್ ತೈನಾನ್, ಹಿ ವೆರಿ ಲೈಕ್ ಕುಕ್, ಲಾಸ್ಟ್ ಸಂಡೇ ಐ ಗೋ ಹಿಸ್ ಹೌಸ್, ಹಿ ಕುಕ್ ಫಿಶ್ ಸೂಪ್ ಗಿವ್ ಮಿ ಈಟ್."

ತೈವಾನಿನ ತೈನಾನ್ ಊರಿನ ಒಂಬತ್ತನೇ ತರಗತಿ ಹುಡುಗಿ ನನಗೆ ಬರೆದು ಕಳಿಸಿದ ಮೊದಲ ವಾಕ್ಯ ಇದು. ನಾನಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಅಡಿಕೆ ತೋಟದ ಮೇಲಿನ ಮನೆಯಲ್ಲಿ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ಐದೂವರೆಗೆ ನಾನು ಲ್ಯಾಪ್‌ಟಾಪ್ ತೆರೆದರೆ ಅಲ್ಲಿ ರಾತ್ರಿ ಎಂಟು. ಶಾಲೆ ಮುಗಿಸಿ, ಅಲ್ಲಿನವರು ಬುಶಿಬಾನ್ ಅನ್ನುವ ಟ್ಯೂಷನ್ ಕ್ಲಾಸೂ ಮುಗಿಸಿ, ಸುಸ್ತಾಗಿ ಕೂತಿರುತ್ತಾರೆ ಮಕ್ಕಳು.

ಆ ವಾಕ್ಯವನ್ನು ನಾನು ಏನು ಮಾಡಿದೆ ಗೊತ್ತಾ? ತಪ್ಪಿದ್ದಲ್ಲೆಲ್ಲ ಕೆಂಪು ಬಣ್ಣ ಹಚ್ಚಿ ವಾಪಸ್ ಕಳಿಸಿದೆ. ಮುಂದಿನ ವಾರ ಅವಳಿಂದ ನಾಲ್ಕು ಸಾಲು ಬಂತು. ನಾಯಿ ಅಂದರೆ ಇಷ್ಟ, ನಾಯಿ ಚಂದ, ನಾಯಿಗೆ ಅನ್ನ ಹಾಕುತ್ತೇನೆ. ಒಂದೂ ತಪ್ಪಿರಲಿಲ್ಲ. ಅಜ್ಜಿಯೂ ಇರಲಿಲ್ಲ. ಆ ಮಗು ಗೊತ್ತಿದ್ದ ನಾಲ್ಕು ವಾಕ್ಯದೊಳಗೆ ಹೋಗಿ ಕದ ಹಾಕಿಕೊಂಡಿತ್ತು. ಅವಳು ಮತ್ತೆ ಅಜ್ಜಿಯ ಬಗ್ಗೆ ಬರೆಯಲು ಎರಡು ತಿಂಗಳು ಬೇಕಾಯಿತು.

ಮೊನ್ನೆ ಕುಮಟಾದಿಂದ ಒಬ್ಬಳು ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ನನಗೂ ಚೀನೀ ಮಾತಾಡುವ ಇಬ್ಬರು ಹೈಸ್ಕೂಲ್ ಮಕ್ಕಳು ಸಿಕ್ಕಿದ್ದಾರೆ. ಗ್ರಾಮರ್ ಪುಸ್ತಕದ ಮೊದಲ ಪಾಠದಿಂದ ಶುರು ಮಾಡಲಾ?" ಬೇಡ ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ತವರು ನೋಡಿ

ಮೇಲಿನ ವಾಕ್ಯದಲ್ಲಿ ಒಂದು ತಪ್ಪೂ ಅಜಾಗರೂಕತೆಯಿಂದ ಆದದ್ದಲ್ಲ. ಎಲ್ಲವೂ ಚೀನೀ ಭಾಷೆಯಿಂದ ನೇರ ನಡೆದು ಬಂದಿವೆ. ಮಗು ತನ್ನ ಭಾಷೆಯಲ್ಲಿ ಸರಿಯಾಗಿಯೇ ಯೋಚಿಸಿದೆ.

ಅಜ್ಜಿ 'ಹಿ' ಆದದ್ದು ಯಾಕೆ? ಚೀನೀ ಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ 'ಥಾ' ಅಂತಲೇ ಹೇಳುತ್ತಾರೆ. ಬರೆಯುವಾಗ ಅಕ್ಷರ ಬೇರೆ, ಬಾಯಲ್ಲಿ ಒಂದೇ ಸದ್ದು. ನಮಗೆ ಕ್ರಿಯಾಪದದ ಬಾಲದಲ್ಲೂ ಬಂದ, ಬಂದಳು, ಬಂತು ಅಂತ ಬೇರೆಯಾಗಿಯೇ ಬರುತ್ತದೆ. ಹಾಗಾಗಿ ನಮ್ಮ ಮಕ್ಕಳು ಈ ತಪ್ಪು ಮಾಡುವುದು ಕಡಿಮೆ, ನಮಗೆ ಇದು ವಿಚಿತ್ರ ಅನಿಸುತ್ತದೆ.

'ವೆರಿ ಲೈಕ್' ಎಲ್ಲಿಂದ ಬಂತು? ಚೀನೀಯಲ್ಲಿ 'ಹನ್ ಶಿಹ್ವಾನ್' ಅನ್ನುತ್ತಾರೆ. 'ಹನ್' ಅಂದರೆ ಬಹಳ, 'ಶಿಹ್ವಾನ್' ಅಂದರೆ ಇಷ್ಟಪಡು. ಎರಡನ್ನೂ ಇದ್ದ ಹಾಗೇ ಇಂಗ್ಲಿಷಿಗೆ ಎತ್ತಿ ಇಟ್ಟಿದ್ದಾಳೆ. 'ಗಿವ್ ಮಿ ಈಟ್' ಕೂಡ ಹಾಗೆಯೇ, ಚೀನೀಯಲ್ಲಿ 'ಗೇಯ್ ವೋ ಛಿ', ಅಂದರೆ ನನಗೆ ತಿನ್ನಲು ಕೊಡು.

'ಲಾಸ್ಟ್ ಸಂಡೇ ಐ ಗೋ' ಅನ್ನುವುದಕ್ಕೂ ಕಾರಣ ಇದೆ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕ ಹಾಗೆ ರೂಪ ಬದಲಿಸುವುದಿಲ್ಲ. ನಿನ್ನೆ ಅಂತ ಒಮ್ಮೆ ಹೇಳಿಯಾಯಿತಲ್ಲ, ಮತ್ತೆ ಕ್ರಿಯಾಪದ ಯಾಕೆ ಬದಲಾಗಬೇಕು ಅನ್ನುವುದು ಅವರ ಲೆಕ್ಕ. 'ಲ' ಅನ್ನುವ ಒಂದು ಪುಟ್ಟ ಪದ ಇದೆ, ಕೆಲಸ ಮುಗಿಯಿತು ಅಥವಾ ಸ್ಥಿತಿ ಬದಲಾಯಿತು ಅಂತ ತೋರಿಸಲು. ಅದನ್ನು ಭೂತಕಾಲ ಅಂತ ತಿಳಿಯಬೇಡಿ. ನಾಳೆಯ ಮಾತಿನಲ್ಲೂ 'ಲ' ಬರಬಹುದು.

ಒಂದು ವಿಷಯ ಮಾತ್ರ ಖುಷಿಯಿಂದ ಹೇಳುತ್ತೇನೆ. ಕನ್ನಡ ಬಲ್ಲವರಿಗೆ ಈ ಕೆಲಸ ಬೇರೆ ಹಲವರಿಗಿಂತ ಸಲೀಸು. ನಮ್ಮ ಭಾಷೆಯಲ್ಲೂ 'ಎ', 'ದಿ' ಇಲ್ಲ. ನಾವೂ 'ಒಬ್ಬರು' ಅಂತ ಸೇರಿಸದೆ 'ಅವರು ಡಾಕ್ಟರ್' ಅಂತ ಹೇಳಿ ಸುಮ್ಮನಾಗುತ್ತೇವೆ. 'ಹತ್ತು ತೆಂಗಿನಕಾಯಿ' ಅಂದರೆ ಸಾಕು, ತೆಂಗಿನಕಾಯಿಗಳು ಅನ್ನಬೇಕಾಗಿಲ್ಲ. ಅವರು 'ಲೈಟ್ ತೆರೆ' ಅನ್ನುತ್ತಾರೆ, ನಾವು 'ಲೈಟ್ ಹಾಕು' ಅನ್ನುತ್ತೇವೆ. ಕನ್ನಡ ಮೀಡಿಯಂನಲ್ಲಿ ಓದಿದ ನಾನು ಕಾಲೇಜಿಗೆ ಹೋದ ವರ್ಷ 'ಪುಟ್ ದಿ ಫ್ಯಾನ್' ಅಂತ ಹೇಳಿದವಳು. ಅವರ ಕಷ್ಟ ನಮಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ತಪ್ಪು ವಿಂಗಡಿಸುವ ನೋಟ್‌ಬುಕ್

ನಮ್ಮ ಮನೆಯಲ್ಲಿ ಅಡಿಕೆ ಆರಿಸುವಾಗ ಆಯಿ (ಅಮ್ಮ) ರಾಶಿ, ಬೆಟ್ಟೆ, ಗೊರಬಲು ಅಂತ ತರ ನೋಡಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತಾಳೆ. ಎಲ್ಲ ಒಟ್ಟಿಗೆ ಸುರಿದರೆ ದರ ಸಿಗುವುದಿಲ್ಲ. ತಪ್ಪುಗಳನ್ನೂ ಹಾಗೆ ಆರಿಸಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ನಾಲ್ಕು ಪುಟ ಇಡಿ. ಕ್ರಿಯಾಪದಕ್ಕೆ ಒಂದು, ನಾಮಪದಕ್ಕೆ ಒಂದು (ಎ, ದಿ, ಬಹುವಚನ ಎಲ್ಲ ಇಲ್ಲಿ), ವಾಕ್ಯ ಜೋಡಿಸುವುದಕ್ಕೆ ಒಂದು, ಪದದ ಆಯ್ಕೆಗೆ ಒಂದು. ಮಗು ಬರೆದದ್ದನ್ನು ಓದುತ್ತಾ ತಪ್ಪನ್ನು ಇದ್ದ ಹಾಗೇ ಆಯಾ ಪುಟಕ್ಕೆ ಇಳಿಸಿ. ಮೂರು ಬರಹ ಆಗುವ ಹೊತ್ತಿಗೆ ಯಾವ ಪುಟ ತುಂಬಿತು ಅಂತ ಗೊತ್ತಾಗುತ್ತದೆ. ಆ ವಾರ ಅದೊಂದನ್ನೇ ತಿದ್ದಿ. ಉಳಿದದ್ದು ಕಣ್ಣಿಗೆ ಕಂಡರೂ ಬಿಡಿ. ಬಿಡುವುದು ಕಷ್ಟ, ನನಗೂ ಕೈ ಕಡಿಯುತ್ತದೆ. ಆದರೂ ಬಿಡಿ.

ಕ್ರಿಯಾಪದದ ವಾರ ಬಂದರೆ ಹೀಗೆ ಮಾಡಿಸುತ್ತೇನೆ. ನಿನ್ನೆ ಸಂಜೆ ಏನೇನು ಮಾಡಿದೆ ಅಂತ ಆರು ವಾಕ್ಯ ಬರೆಯಬೇಕು. ಬರೆದ ಮೇಲೆ ಬರೀ ಕ್ರಿಯಾಪದಗಳನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದಬೇಕು. ವೆಂಟ್, ಏಟ್, ವಾಚ್ಡ್, ಗೋ... ಅಲ್ಲಿ ತಾನೇ ನಿಲ್ಲುತ್ತದೆ ಮಗು. ವಾಕ್ಯದೊಳಗೆ ಅಡಗಿದ್ದ 'ಗೋ' ಸಾಲಾಗಿ ನಿಂತಾಗ ಕಿವಿಗೆ ಚುಚ್ಚುತ್ತದೆ. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ.

ಹಿ ಮತ್ತು ಶಿಗೆ ನಿಯಮ ಹೇಳಿ ಉಪಯೋಗ ಇಲ್ಲ. ನಿಯಮ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಾತಾಡುವ ಆತುರದಲ್ಲಿ ಬಾಯಿ ಜಾರುತ್ತದೆ, ಅಷ್ಟೇ. ಮನೆಯವರ ಒಂದು ಫೋಟೋ ತರಿಸಿ. ಅಜ್ಜ, ಅಜ್ಜಿ, ಅಮ್ಮ, ತಮ್ಮ, ಒಬ್ಬೊಬ್ಬರ ಮೇಲೆ ಬೆರಳಿಟ್ಟು ಎರಡೆರಡು ವಾಕ್ಯ ಹೇಳಲಿ. ದಿನಾ ಎರಡು ನಿಮಿಷ ಸಾಕು.

'ಎ' ಮತ್ತು 'ದಿ': ಇಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಗ್ರಾಮರ್ ಪುಸ್ತಕಗಳು ಇಪ್ಪತ್ತು ನಿಯಮ ಕೊಟ್ಟು ಕೈ ಬಿಡುತ್ತವೆ. ನಾನು ಎರಡು ಚೀನೀ ವಾಕ್ಯದಿಂದ ಶುರು ಮಾಡುತ್ತೇನೆ.

'ಖರನ್ ಲಾಯ್ ಲ.' 'ಖರನ್' ಅಂದರೆ ಅತಿಥಿ, 'ಲಾಯ್' ಅಂದರೆ ಬರು. ನಾವು ಕಾಯುತ್ತಿದ್ದ ಆ ನೆಂಟರು ಬಂದರು ಅಂತ ಅರ್ಥ. ಈಗ ಪದ ತಿರುಗಿಸಿ. 'ಲಾಯ್ ಖರನ್ ಲ.' ಯಾರೋ ನೆಂಟರು ಬಂದಿದ್ದಾರೆ ಅಂತ ಆಯಿತು. ಯಾರು ಬರುತ್ತಾರೆ ಅಂತ ಮೊದಲು ಗೊತ್ತಿರಲಿಲ್ಲ. ಅಂದರೆ ಗೊತ್ತಿರುವುದು, ಗೊತ್ತಿಲ್ಲದ್ದು ಅನ್ನುವ ಭೇದ ಚೀನೀಯಲ್ಲೂ ಇದೆ. ಅವರು ಅದನ್ನು ಪದದ ಜಾಗದಿಂದ ತೋರಿಸುತ್ತಾರೆ, ಇಂಗ್ಲಿಷಿನವರು 'ದಿ' ಮತ್ತು 'ಎ' ಇಟ್ಟು ತೋರಿಸುತ್ತಾರೆ.

ಕನ್ನಡದಲ್ಲೂ ಇದೆ, ಗಮನಿಸಿದ್ದೀರಾ? 'ನಿನ್ನೆ ಪುಸ್ತಕ ಓದಿದೆ' ಅಂದರೆ ಯಾವುದೋ ಪುಸ್ತಕ ಆಗಬಹುದು. 'ನಿನ್ನೆ ಪುಸ್ತಕವನ್ನು ಓದಿದೆ' ಅಂದಾಗ ನಮ್ಮಿಬ್ಬರಿಗೂ ಗೊತ್ತಿರುವ ಒಂದು ಪುಸ್ತಕ ಕಣ್ಣ ಮುಂದೆ ಬರುತ್ತದೆ. ನನಗೆ ಇದು ಹೊಳೆದ ದಿನ ನಾನೇ 'ದಿ' ಅನ್ನು ಮೊದಲ ಸಲ ಅರ್ಥ ಮಾಡಿಕೊಂಡೆ ಅನಿಸಿತು. ಅಲ್ಲಿಯವರೆಗೆ ಅಭ್ಯಾಸದಿಂದ ಬರೆಯುತ್ತಿದ್ದೆ.

ಮಕ್ಕಳಿಗೆ ಆ ಎರಡು ವಾಕ್ಯ ಹೇಳಿದ ಕೂಡಲೇ ಮುಖ ಅರಳುತ್ತದೆ. ತಮ್ಮ ಭಾಷೆಯಲ್ಲಿ ಇಲ್ಲದ್ದನ್ನು ಕಲಿಯಬೇಕು ಅನ್ನುವ ಹೆದರಿಕೆ ಹೋಗುತ್ತದೆ. ಆಮೇಲೆ ಕಥೆ ಹೇಳಿಸಿ. ಒಂದೂರಲ್ಲಿ ಒಬ್ಬ ಮುದುಕ ಇದ್ದ, ಆ ಮುದುಕನಿಗೆ ಒಂದು ಎಮ್ಮೆ ಇತ್ತು, ಆ ಎಮ್ಮೆ... ನಾವು 'ಒಬ್ಬ' ಮತ್ತು 'ಆ' ಅನ್ನುವ ಜಾಗದಲ್ಲಿ ಅವರು 'ಯಿ' ಮತ್ತು 'ನಾ' ಅನ್ನುತ್ತಾರೆ. ಮೊದಲ ಸಲ ಬಂದದ್ದಕ್ಕೆ 'ಎ', ಎರಡನೇ ಸಲಕ್ಕೆ 'ದಿ'. ನಿಯಮದ ಹೆಚ್ಚಿನ ಭಾಗ ಇಷ್ಟರಲ್ಲೇ ಕೈಗೆ ಬರುತ್ತದೆ. ನದಿ, ಪರ್ವತ, ದೇಶದ ಹೆಸರುಗಳ ಗೋಜಿಗೆ ಹತ್ತನೇ ತರಗತಿ ದಾಟುವವರೆಗೆ ಹೋಗಬೇಡಿ.

ಹರಿಯುವ ನೀರಿನ ವಾಕ್ಯ

ಅಜ್ಜಿಯ ವಾಕ್ಯದಲ್ಲಿ ಪೂರ್ಣವಿರಾಮ ಇರುವುದು ಕೊನೆಯಲ್ಲಿ ಒಂದೇ. ನಡುವೆ ಎಲ್ಲಾ ಕಾಮಾ. ಚೀನೀ ಬರಹದಲ್ಲಿ ಇದು ತಪ್ಪಲ್ಲ. ಒಂದು ವಿಚಾರ ಪೂರ್ತಿ ಮುಗಿಯುವವರೆಗೆ ಕಾಮಾ ಹಾಕುತ್ತಾ ಹೋಗಬಹುದು. ಚೀನೀ ಭಾಷಾ ವಿದ್ವಾಂಸ ಲ್ಯೂ ಶೂಶ್ಯಾಂಗ್ ಇಂಥದ್ದಕ್ಕೆ 'ಹರಿಯುವ ನೀರಿನ ವಾಕ್ಯ' ಅಂತ ಹೆಸರಿಟ್ಟರು. ಎಷ್ಟು ಚಂದದ ಹೆಸರು! ನಮ್ಮ ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರುವವರೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಹಾಗೆ. ಆ ಹೆಸರನ್ನೇ ಮಕ್ಕಳ ಹತ್ತಿರ ಹೇಳಿ. ನಿನ್ನ ವಾಕ್ಯ ಕೆಟ್ಟದ್ದು ಅನ್ನುವುದಕ್ಕೂ, ನಿನ್ನ ನೀರಿಗೆ ಇಲ್ಲಿ ಸಣ್ಣ ಕಟ್ಟು ಹಾಕೋಣ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕಟ್ಟು ಹಾಕುವುದು ಹೀಗೆ. ಪ್ರತಿ ಕಾಮಾದ ಹತ್ತಿರ ನಿಲ್ಲಲಿ. ಎಡಗಡೆ ಯಾರು, ಏನು ಮಾಡಿದರು ಅನ್ನುವುದು ಇದೆಯಾ? ಬಲಗಡೆಯೂ ಇದೆಯಾ? ಎರಡೂ ಕಡೆ ಇದ್ದರೆ ಕಾಮಾ ಒಂದರಿಂದಲೇ ಆಗುವುದಿಲ್ಲ. ಪೂರ್ಣವಿರಾಮ ಹಾಕಬೇಕು, ಇಲ್ಲವೇ 'ಆಂಡ್', 'ಬಟ್', 'ಸೋ' ತರಬೇಕು.

ಇಲ್ಲೇ ಇನ್ನೊಂದು. 'ಬಿಕಾಸ್ ಇಟ್ ರೇನ್ಡ್, ಸೋ ಐ ಸ್ಟೇಡ್ ಹೋಮ್' ಅಂತ ಖಂಡಿತ ಬರೆಯುತ್ತಾರೆ. 'ಆಲ್‌ದೋ' ಬಂದರೆ ಹಿಂದೆಯೇ 'ಬಟ್' ಬರುತ್ತದೆ. ಚೀನೀಯಲ್ಲಿ ಇವು ಜೋಡಿ ಪದ, 'ಇನ್‌ವೇಯ್' ಜೊತೆ 'ಸುವೊಯಿ', 'ಸ್ವೇಯ್‌ರಾನ್' ಜೊತೆ 'ದಾನ್‌ಶಿ'. ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದನ್ನೇ ಇಡಬೇಕು. ಒಂದೇ ವಾಕ್ಯವನ್ನು ಎರಡು ರೀತಿ ಬರೆಸಿ, ಒಮ್ಮೆ 'ಬಿಕಾಸ್' ಇಟ್ಟು, ಒಮ್ಮೆ 'ಸೋ' ಇಟ್ಟು. ಒಂದು ವಾರದಲ್ಲಿ ಹೋಗುವ ತಪ್ಪು ಇದು.

ಓದಿಸುವುದು

ತೈವಾನಿನ ಹೈಸ್ಕೂಲ್ ಮಕ್ಕಳು 'ಏಳು ಸಾವಿರ ಪದ' ಅಂತ ಕರೆಯುವ ಒಂದು ಪಟ್ಟಿ ಇದೆ. ಕಾಲೇಜು ಪ್ರವೇಶ ಪರೀಕ್ಷೆಗಾಗಿ ಅದನ್ನು ಉರು ಹೊಡೆಯುತ್ತಾರೆ. ಪದ ಗೊತ್ತು, ಅರ್ಥ ಗೊತ್ತು, ಆದರೂ ಒಂದು ಪ್ಯಾರಾ ಓದಲು ಒದ್ದಾಡುತ್ತಾರೆ. ಕಾರಣ ಪದ ಅಲ್ಲ, ದಿಕ್ಕು.

'ನಾನು ನಿನ್ನೆ ಸಂತೆಯಲ್ಲಿ ನೋಡಿದ ಹುಡುಗ' ಅಂತ ನಾವು ಹೇಳುತ್ತೇವೆ. ಹುಡುಗ ಕೊನೆಗೆ ಬರುತ್ತಾನೆ, ಅವನ ವಿವರ ಎಲ್ಲ ಮುಂಚೆ. ಚೀನೀಯಲ್ಲೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬರುತ್ತಾನೆ, ಆಮೇಲೆ 'ಹೂಮ್ ಐ ಸಾ' ಅಂತ ಬಾಲ. ಮಗು ಬಾಲದ ತುದಿಯವರೆಗೆ ಹೋಗಿ, ಅಲ್ಲಿಂದ ಹಿಂದೆ ಬಂದು, ಚೀನೀಗೆ ತಿರುಗಿಸಿ, ಮತ್ತೆ ಮುಂದೆ ಹೋಗುತ್ತದೆ. ಒಂದೊಂದು ಸಾಲಿಗೂ ಎರಡು ಸಲ ನಡೆದ ಹಾಗೆ.

ಇದಕ್ಕೆ ನಾನು ಗೆರೆ ಹಾಕಿ ಓದಿಸುತ್ತೇನೆ. 'ದಿ ಬಾಯ್ / ಹೂಮ್ ಐ ಸಾ / ಇನ್ ದಿ ಮಾರ್ಕೆಟ್ / ವಾಸ್ ಸೆಲ್ಲಿಂಗ್ ಮ್ಯಾಂಗೋಸ್.' ಒಂದು ತುಂಡು ಓದಿ ನಿಲ್ಲಬೇಕು. ನಾನು ಪ್ರಶ್ನೆ ಕೇಳುತ್ತೇನೆ. ಹುಡುಗ. ಯಾವ ಹುಡುಗ? ನಾನು ನೋಡಿದವ. ಎಲ್ಲಿ? ಮಾರ್ಕೆಟ್ಟಲ್ಲಿ. ಏನು ಮಾಡ್ತಿದ್ದ? ಹಿಂದೆ ತಿರುಗಲು ಬಿಡಬಾರದು. ಮೊದಲ ದಿನ ಮಗುವಿಗೆ ಕಿರಿಕಿರಿ ಆಗುತ್ತದೆ. ಎರಡು ವಾರ ಆದ ಮೇಲೆ ಆ ಪ್ರಶ್ನೆಗಳನ್ನು ತಾನೇ ಮನಸ್ಸಿನಲ್ಲಿ ಕೇಳಿಕೊಳ್ಳುತ್ತದೆ.

ಏನು ಓದಿಸಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಸರಳ. ನೂರು ಪದ ಎಣಿಸಿ. ಗೊತ್ತಿಲ್ಲದ ಪದ ಎರಡಕ್ಕಿಂತ ಜಾಸ್ತಿ ಇದ್ದರೆ ಅದು ಮಗು ಒಂಟಿಯಾಗಿ ಓದುವ ಪುಸ್ತಕ ಅಲ್ಲ. ಅದನ್ನು ನಿಮ್ಮ ಜೊತೆ ಕ್ಲಾಸಿನಲ್ಲಿ ಓದಲಿ. ಒಂಟಿಯಾಗಿ ಓದಲು ಇನ್ನೂ ಸುಲಭದ್ದು ಕೊಡಿ. ಸರಳ ಇಂಗ್ಲಿಷಿನ ವಿಕಿಪೀಡಿಯ ಇದೆ, ದುಡ್ಡು ಕೊಡಬೇಕಾಗಿಲ್ಲ. ಮಗುವಿಗೆ ಬ್ಯಾಸ್ಕೆಟ್‌ಬಾಲ್ ಇಷ್ಟ ಅಂದರೆ ಬ್ಯಾಸ್ಕೆಟ್‌ಬಾಲ್ ಪುಟವನ್ನೇ ಓದಲಿ. ಓದುವಾಗ ಡಿಕ್ಷನರಿ ಮುಚ್ಚಿರಲಿ.

ಬರೆಸುವುದು

ನಿಮಗೆ ಚೀನೀ ಒಂದಕ್ಷರ ಬರದಿದ್ದರೂ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನನ್ನ ಕ್ಲಾಸಿನಲ್ಲಿ ಇದರಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಚೆನ್ನಾದ ಐದು ಇಂಗ್ಲಿಷ್ ವಾಕ್ಯ ಕೊಡಿ. ಮಗು ಅದನ್ನು ಚೀನೀಗೆ ಬರೆದಿಟ್ಟು ಇಂಗ್ಲಿಷ್ ಹಾಳೆ ಮುಚ್ಚಿಡಲಿ. ಎರಡು ದಿನ ಬಿಟ್ಟು ಆ ಚೀನೀಯಿಂದ ಮತ್ತೆ ಇಂಗ್ಲಿಷಿಗೆ ತರಲಿ. ಆಮೇಲೆ ಮೂಲದ ಪಕ್ಕ ಇಟ್ಟು ನೋಡಲಿ. ಎಲ್ಲಿ ಬೇರೆಯಾಯಿತು ಅಂತ ಮಗುವೇ ಗುರುತು ಹಾಕಲಿ. ಅಲ್ಲಿ 'ದಿ' ಇತ್ತು, ನಾನು ಬಿಟ್ಟೆ. ಅಲ್ಲಿ 'ಹ್ಯಾಡ್' ಇತ್ತು, ನಾನು 'ಹ್ಯಾವ್' ಬರೆದೆ. ಟೀಚರ್ ಹೇಳಿದ್ದು ಮರೆತು ಹೋಗುತ್ತದೆ, ತಾನೇ ಕಂಡದ್ದು ಉಳಿಯುತ್ತದೆ. ಪರೀಕ್ಷೆಗೂ ಇದು ನೇರ ಉಪಯೋಗ. ಜನವರಿಯ ಕಾಲೇಜು ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪೇಪರಿನಲ್ಲಿ ಎರಡು ಚೀನೀ ವಾಕ್ಯ ಇಂಗ್ಲಿಷಿಗೆ ತರುವ ಪ್ರಶ್ನೆ ಇರುತ್ತದೆ, ಜೊತೆಗೆ ಕಡಿಮೆ ಎಂದರೆ 120 ಪದದ ಒಂದು ಪ್ರಬಂಧ.

ಆ ಪ್ರಬಂಧಕ್ಕೆ ಹಲವು ಸಲ ಚಿತ್ರ ಕೊಡುತ್ತಾರೆ. ಅಭ್ಯಾಸಕ್ಕೆ ನಾನು ನಮ್ಮ ಕಡೆಯ ಫೋಟೋ ಕಳಿಸುತ್ತೇನೆ. ಮಾರಿಕಾಂಬಾ ಜಾತ್ರೆಯ ತೇರು, ಅಂಗಳದಲ್ಲಿ ಒಣಗಿಸಿದ ಅಡಿಕೆ, ಕಾರವಾರದ ಕಡಲಲ್ಲಿ ಬಲೆ ಎಳೆಯುವವರು. ಅಡಿಕೆ ಫೋಟೋ ನೋಡಿ ಒಬ್ಬ ಹುಡುಗ ಕುಣಿದು ಬಿಟ್ಟ. ತೈವಾನಿನಲ್ಲೂ ಅಡಿಕೆ ಬೆಳೆಯುತ್ತಾರೆ, ರಸ್ತೆ ಬದಿ ಅಂಗಡಿಯಲ್ಲಿ ವೀಳ್ಯದೆಲೆ ಸುತ್ತಿ ಮಾರುತ್ತಾರೆ. ಅಲ್ಲಿನವರು ಅದಕ್ಕೆ 'ಬಿನ್‌ಲಾಂಗ್' ಅನ್ನುತ್ತಾರೆ. ಆ ದಿನ ಅವನು ಕೇಳದೇ 160 ಪದ ಬರೆದ. ಹೇಳಲು ಏನೋ ಇತ್ತು ಅಲ್ವಾ, ಹಾಗಾಗಿ.

ಬರೆದ ಮೇಲೆ ಮೂರು ಸಲ ಓದಿಸಿ. ಮೊದಲ ಸಲ ಕ್ರಿಯಾಪದ ಮಾತ್ರ ನೋಡಬೇಕು. ಎರಡನೇ ಸಲ ನಾಮಪದ. ಮೂರನೇ ಸಲ ಕಾಮಾ ಮತ್ತು ಪೂರ್ಣವಿರಾಮ. ಎಲ್ಲವನ್ನೂ ಒಂದೇ ಸಲ ನೋಡು ಅಂದರೆ ಏನೂ ಕಾಣುವುದಿಲ್ಲ.

ಇನ್ನು ಸಣ್ಣ ಪುಟ್ಟ ವಿಷಯ. ಪ್ರಶ್ನೆ ಕೇಳಿ ಹತ್ತು ಎಣಿಸುವವರೆಗೆ ಕಾಯಿರಿ. ನಾನು ಕಂಡ ಮಕ್ಕಳಲ್ಲಿ ತಪ್ಪು ಹೇಳುವುದಕ್ಕಿಂತ ಸುಮ್ನೆ ಇರುವುದು ಮೇಲು ಅಂದುಕೊಂಡವರೇ ಜಾಸ್ತಿ. ಅವರು ನಿಮ್ಮನ್ನು 'ಲಾವೋಶಿ' ಅಂತ ಕರೆಯುತ್ತಾರೆ, ಮೇಷ್ಟ್ರಿಗೂ ಟೀಚರಿಗೂ ಅದೇ ಪದ. ಹೆಸರು ಹಿಡಿದು ಕರೆಯಲಿ ಅಂತ ಒತ್ತಾಯ ಮಾಡಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸ ಮಕ್ಕಳನ್ನು ಒಪ್ಪಿಕೊಳ್ಳಬೇಡಿ. ನಡು ಪಾಠದಲ್ಲಿ ಮಾಯವಾಗುವ ಟೀಚರನ್ನು ಮಗು ನಂಬುವುದು ಕಷ್ಟ.

ತೈನಾನ್ ಹುಡುಗಿ ಎರಡು ತಿಂಗಳು ಬಿಟ್ಟು ಮತ್ತೆ ಅಜ್ಜಿಯ ಬಗ್ಗೆ ಬರೆದಳು ಅಂದೆನಲ್ಲ. 'ಶಿ ಲೈಕ್ಸ್ ಕುಕಿಂಗ್ ವೆರಿ ಮಚ್. ಲಾಸ್ಟ್ ಸಂಡೇ ಐ ವೆಂಟ್ ಟು ಹರ್ ಹೌಸ್. ಶಿ ಮೇಡ್ ಫಿಶ್ ಸೂಪ್ ಫಾರ್ ಮಿ, ಆಂಡ್ ಸೂಪ್ ವಾಸ್ ಟೂ ಹಾಟ್, ಸೋ ಶಿ ಬ್ಲೂ ಆನ್ ಇಟ್.' ಎರಡನೇ 'ಸೂಪ್'ಗೆ ಮೊದಲು ಬರಬೇಕಾದ ಒಂದು 'ದಿ' ಬಿಟ್ಟಿದ್ದಳು. ನಾಮಪದದ ಪುಟಕ್ಕೆ ಬರೆದುಕೊಂಡೆ. ಅವಳಿಗೆ ಮಾತ್ರ ಆ ದಿನ ಹೇಳಲಿಲ್ಲ. ಅಜ್ಜಿ ಇನ್ನೂ ಏನೇನು ಮಾಡುತ್ತಾರೆ ಅಂತ ಕೇಳಿದೆ.